ಕುರಿಗಾಹಿಯ ಮುಖಕ್ಕೆ ಮೂರು ಪಾಲು ನೀರು

ಬಾರ್ಲಿ ಹಿಟ್ಟು ನಾದುತ್ತಿದ್ದೆ. ಮೊಣಕೈವರೆಗೂ ಹಿಟ್ಟಾಗಿತ್ತು. ಹೊರಗೆ ಮೇಕೆ ಕೂಗುತ್ತಿತ್ತು, ಅದರ ಹಾಲು ಇನ್ನೂ ಕರೆದಿರಲಿಲ್ಲ. ಅಷ್ಟರಲ್ಲಿ ಅತ್ತೆ ಮಗ್ಗದ ಕೋಣೆಯಿಂದ ಕರೆದರು.

"ಫಿಲಿನ್ನಾ, ಗೂಟದ ಮೇಲಿದ್ದ ಮುಖ ಎಲ್ಲಿ?"

"ಗೋಡೆ ಕಡೆ ತಿರುಗಿರಬೇಕು ನೋಡಿ ಅತ್ತೆ. ಮೆಲಿತ್ತ ದಿನಾ ತಿರುಗಿಸಿಡ್ತಾಳಲ್ಲ."

"ತಿರುಗಿದ್ರೂ ಮುಖ ಮುಖಾನೇ ಅಲ್ವೇನೆ? ಇಲ್ಲಿ ಬರೀ ಗೂಟ ಇದೆ."

ಕೈ ತೊಳೆಯಲು ಅಂಗಳಕ್ಕೆ ಬಂದೆ. ಮೂಲೆಯಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸುವ ಅಗಲ ಬಾಯಿಯ ಮಣ್ಣಿನ ಪಾತ್ರೆ ಇರುತ್ತದೆ. ಹಬ್ಬಕ್ಕೆಂದು ಹಿಂದಿನ ದಿನವಷ್ಟೇ ಅದನ್ನು ಉಜ್ಜಿ ತೊಳೆದು ಬೋರಲು ಹಾಕಿದ್ದೆ. ಈಗ ಅದು ನೆಟ್ಟಗೆ ಕೂತಿತ್ತು. ಒಳಗೆ ನೀರಿತ್ತು. ನೀರಿನ ಅಡಿಯಿಂದ ಕುರಿಗಾಹಿ ನನ್ನನ್ನೇ ನೋಡುತ್ತಿದ್ದ.

ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದೆ. ಹಣೆ ಕೈಗೆ ಬಂತು, ಗಡ್ಡ ಪಾತ್ರೆಯಲ್ಲೇ ಉಳಿಯಿತು. ಹಳೆಯ ನಾರುಬಟ್ಟೆಯ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ, ಮರದ ಅಚ್ಚಿನ ಮೇಲೆ ಏಳು ಪದರ ಕೂರಿಸಿ, ಒಣಗಿದ ಮೇಲೆ ಸುಣ್ಣ ಬಳಿದು ಬಣ್ಣ ಕೊಟ್ಟ ಮುಖವಾಡ ಅದು. ಬಿಸಿಲಿಗೆ, ಗಾಳಿಗೆ ಜಗ್ಗುವಂಥದ್ದಲ್ಲ. ನೀರಿಗೆ ಮಾತ್ರ ಅದರ ಬಳಿ ಉತ್ತರವಿಲ್ಲ.

ಅತ್ತೆ ಬಂದು ಪಾತ್ರೆಗೆ ಬಗ್ಗಿ ನೋಡಿದರು. "ರಾತ್ರಿಯೇ ಹಾಕಿರಬೇಕು. ಕಡಲೆ ನೆನೆದ ಹಾಗೆ ನೆನೆದಿದೆ."

"ಹಬ್ಬಕ್ಕೆ ಇನ್ನು ಮೂರೇ ದಿನ ಅತ್ತೆ."

"ನನಗೆ ಲೆಕ್ಕ ಬರುತ್ತೆ."

ಮೆಲಿತ್ತ ಬಾಗಿಲಿನ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ನನ್ನ ಮಗಳಿಗೆ ಆರು ವರ್ಷ. ತಪ್ಪು ಮಾಡಿದ ಮಕ್ಕಳು ಓಡಿಹೋಗುತ್ತಾರೆ, ಇಲ್ಲವೇ ಅಳುತ್ತಾರೆ. ಇವಳು ಎರಡನ್ನೂ ಮಾಡಲಿಲ್ಲ. ಮುಖವಾಡ ಏನಾಯಿತು ಎಂದು ನೋಡಲು ಬಂದವಳಂತೆ, ಕೆಲಸ ಮುಗಿಯಿತೇ ಎಂದು ವಿಚಾರಿಸುವವಳಂತೆ ನಿಂತಿದ್ದಳು.

"ನೀನಾ ಪುಟ್ಟಿ?" ಎಂದೆ.

ಹೌದೆಂದು ತಲೆಯಾಡಿಸಿದಳು. ಯಾಕೆ ಎಂದಾಗ ತುಟಿ ಬಿಗಿದುಕೊಂಡಳು. ಹತ್ತು ದಿನದಿಂದಲೂ ಹೀಗೇ. ಆಲಿವ್ ಬೀಜವನ್ನು ಉಗುಳದೆ ಕೆನ್ನೆಯಲ್ಲಿ ಇಟ್ಟುಕೊಂಡ ಹಾಗೆ ಏನೋ ಒಂದು ಪ್ರಶ್ನೆಯನ್ನು ಬಾಯೊಳಗೇ ಇಟ್ಟುಕೊಂಡಿದ್ದಾಳೆ. ಕೇಳು ಎಂದರೆ ಕೇಳುವುದಿಲ್ಲ. ನಾನೂ ಒತ್ತಾಯ ಮಾಡಿರಲಿಲ್ಲ.

ಹತ್ತು ದಿನದ ಹಿಂದೆ ನಮ್ಮ ಮನೆಗೆ ಕಪ್ಪು ಅವರೆ ಕಾಳು ಬಂದಿತ್ತು.

ನಮ್ಮೂರು ಇಕಾರಿಯಾದಲ್ಲಿ ಹುಟ್ಟಿದ ಮಕ್ಕಳಿಗೆ ಇಕಾರಿಯೋಸನ ಕಥೆ ಹಾಲಿನ ಜೊತೆಗೇ ಒಳಗೆ ಇಳಿದುಬಿಡುತ್ತದೆ. ಊರಿಗೆ ಅವನದೇ ಹೆಸರು. ದಿಯೋನಿಸೋಸ್ ದೇವರು ಮಾರುವೇಷದಲ್ಲಿ ಬೆಟ್ಟ ಹತ್ತಿ ಬಂದಾಗ ಬಾಗಿಲು ತೆರೆದವನು ಅವನೊಬ್ಬನೇ. ದೇವರು ಅವನಿಗೆ ಒಂದು ಬಳ್ಳಿ ಕೊಟ್ಟ, ಅದರಿಂದ ರಸ ತೆಗೆಯುವುದನ್ನು ಕಲಿಸಿದ. ಭೂಮಿಯ ಮೇಲಿನ ಮೊದಲ ದ್ರಾಕ್ಷಾರಸ. ಇಂಥದ್ದನ್ನು ಒಬ್ಬನೇ ಹೇಗೆ ಕುಡಿಯಲಿ ಎಂದು ಇಕಾರಿಯೋಸ್ ಅದನ್ನು ಗಾಡಿಗೆ ಹೇರಿಕೊಂಡು ಬೆಟ್ಟದ ಕುರಿಗಾಹಿಗಳಿಗೆ ಹಂಚಲು ಹೋದ. ಅವರಿಗೆ ಬಾಯಾರಿತ್ತು. ನೀರು ಬೆರೆಸದೆ ಗಟಗಟ ಕುಡಿದರು. ತಲೆ ತಿರುಗಿತು, ಬೆಟ್ಟ ತಿರುಗಿತು, ಒಂದು ಕುರಿ ಎರಡಾಯಿತು. ವಿಷ ಹಾಕಿದ್ದಾನೆ ಎಂದು ದೊಣ್ಣೆ ಎತ್ತಿ ಅವನನ್ನು ಹೊಡೆದು ಕೊಂದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಯಾರೂ ಸತ್ತಿರಲಿಲ್ಲ, ಅವನೊಬ್ಬನ ಹೊರತು.

ಇಕಾರಿಯೋಸನಿಗೊಬ್ಬಳು ಮಗಳಿದ್ದಳು. ಅಪ್ಪನ ಹೆಣ ಕಂಡು ಅವಳು ಮರಕ್ಕೆ ನೇಣು ಹಾಕಿಕೊಂಡ ಕಥೆಯನ್ನು ಮೆಲಿತ್ತಳಿಗೆ ನಾನಿನ್ನೂ ಹೇಳಿಲ್ಲ. ವಸಂತದಲ್ಲಿ ಅವಳ ನೆನಪಿಗೆ ಹುಡುಗಿಯರ ಉಯ್ಯಾಲೆ ಹಬ್ಬ ಬರುತ್ತದೆ, ಮುಂದೊಂದು ವರ್ಷ ಆಗ ಹೇಳಿದರಾಯಿತು.

ಪ್ರತಿ ಚಳಿಗಾಲ, ಹೊಸ ರಸದ ಗಡಿಗೆ ತೆರೆಯುವ ಮುಂಚೆ, ಊರಿನವರು ಈ ಕಥೆಯನ್ನು ಆಡಿ ತೋರಿಸುತ್ತಾರೆ. ಮೊದಲ ಏಟು ಹೊಡೆದವನ ವಂಶ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಯಾವುದೂ ಆಗಿರಬಹುದು. ಹಾಗಾಗಿ ಆ ವೇಷಕ್ಕೆ ಚೀಟಿಯ ಬದಲು ಅವರೆ ಕಾಳು. ಚರ್ಮದ ಚೀಲದಲ್ಲಿ ಮನೆಗೊಂದು ಕಾಳು, ಎಲ್ಲ ಬಿಳಿ, ಒಂದು ಮಾತ್ರ ಕಪ್ಪು. ಮನೆಯ ಗಂಡಸು ಕಣ್ಣು ಮುಚ್ಚಿ ಕೈ ಹಾಕಬೇಕು. ಕಪ್ಪು ಕಾಳನ್ನು ಯಾರೂ ಬಯಸುವುದಿಲ್ಲ. ಬಂದರೆ ಬೇಡವೆಂದವರೂ ಇಲ್ಲ.

ಈ ವರ್ಷ ಅದು ನನ್ನ ಗಂಡ ಫಾನಿಯಾಸನ ಕೈಗೆ ಬಂತು. ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನುಷ್ಯ. ಅಂದಿನಿಂದ ಮಗಳು ಅವನ ಕೈಯಿಂದ ಏನನ್ನೂ ತೆಗೆದುಕೊಂಡಿಲ್ಲ. ಸಂಜೆ ತೋಟದಿಂದ ಬರುವಾಗ ಅವನು ಅವಳಿಗೆಂದು ಒಂದು ಒಣ ಅಂಜೂರವನ್ನು ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಬರುತ್ತಿದ್ದ. ಅವಳೇ ಹುಡುಕಿ ತೆಗೆಯಬೇಕು, ಅದು ಅವರಿಬ್ಬರ ಆಟ. ಹತ್ತು ಅಂಜೂರ ಹೊಸ್ತಿಲ ಪಕ್ಕದ ಗೂಡಿನಲ್ಲಿ ಸಾಲಾಗಿ ಕೂತಿದ್ದವು.

ಮುಖವಾಡ ನೆನೆದ ಆ ಬೆಳಿಗ್ಗೆ ಫಾನಿಯಾಸ್ ಆಲಿವ್ ಬಡಿಯುವ ಕೋಲು ಹೆಗಲ ಮೇಲಿಟ್ಟುಕೊಂಡು ಹೊರಟವನು, ನಮ್ಮ ಮಾತು ಕೇಳಿ ಅಂಗಳಕ್ಕೆ ತಿರುಗಿ ಬಂದ. ಪಾತ್ರೆ ನೋಡಿದ, ನನ್ನ ಕೈಯಲ್ಲಿದ್ದ ಹಣೆ ನೋಡಿದ. ಬೈಯಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಅಲ್ಲೇ ಕೂತ.

"ಒಳ್ಳೇದೇ ಆಯ್ತು," ಎಂದ. "ದೆಕ್ಸಿಯಾಸ್ ಹತ್ರ ಹೋಗಿ ಕಾಳು ವಾಪಸ್ ಕೊಟ್ಟು ಬರ್ತೀನಿ."

ದೆಕ್ಸಿಯಾಸ್ ನಮ್ಮೂರಿನ ಕಲ್ಲುಕುಟಿಗ. ಚಳಿಗಾಲ ಬಂತೆಂದರೆ ಉಳಿ ಕೆಳಗಿಟ್ಟು ಆಟ ಕಲಿಸುವ ಗುರುವಾಗುತ್ತಾನೆ.

"ಇಲ್ಲೀವರೆಗೆ ಯಾರೂ ವಾಪಸ್ ಕೊಟ್ಟಿಲ್ಲ," ಎಂದೆ.

"ಯಾರ ಮಕ್ಕಳೂ ಹೀಗೆ ಮಾಡಿಲ್ಲ." ಅವನ ದನಿ ತಗ್ಗಿತು. "ನಿನ್ನೆ ಅವಳ ಚಪ್ಪಲಿ ದಾರ ಕಟ್ಟೋಕೆ ಬಗ್ಗಿದೆ. ಕಾಲು ಎಳ್ಕೊಂಡ್ಲು ಫಿಲಿನ್ನ. ನಾನು ಮುಟ್ಟಿದ್ರೆ ಸುಡುತ್ತೇನೋ ಅನ್ನೋ ಹಾಗೆ. ದೇವರಿಗೋಸ್ಕರ ಒಂದು ವರ್ಷ ಬೇರೆ ಯಾರಾದ್ರೂ ಹೊಡೀಲಿ. ಇವಳು ನನಗೆ ಒಬ್ಬಳೇ ಇರೋದು."

ಅತ್ತೆ ಉತ್ತರ ಕೊಡುತ್ತಾರೆಂದು ಕಾದೆ. ಅವರು ನಮ್ಮ ಮಾತು ಕೇಳುತ್ತಲೇ ಇರಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, ಪಾತ್ರೆಯ ಬುಡದಲ್ಲಿ ಏನನ್ನೋ ನೋಡುತ್ತಿದ್ದರು.

ಅಲ್ಲಿ ಮೂರು ಬೆಣಚು ಕಲ್ಲುಗಳಿದ್ದವು. ಪಕ್ಕದಲ್ಲಿ ತಗಡಿನ ಸೌಟು.

ನೀರು ಬೆರೆಸುವಾಗ ಮಾತಿನ ಮಧ್ಯೆ ಲೆಕ್ಕ ತಪ್ಪಬಾರದೆಂದು ಅತ್ತೆ ಒಂದೊಂದು ಪಾಲಿಗೆ ಒಂದೊಂದು ಬೆಣಚು ಕಲ್ಲು ಇಡುತ್ತಾರೆ. ಒಂದು ಪಾಲು ರಸ, ಮೂರು ಪಾಲು ನೀರು. ಮೆಲಿತ್ತಳಿಗೆ ಕಲ್ಲು ಇಡುವ ಕೆಲಸ ಕಲಿಸಿದವರೂ ಅವರೇ.

"ಫಾನಿಯಾಸ್," ಅತ್ತೆ ಮಗನನ್ನು ಕರೆದರು, "ಈ ಮಗು ಮುಖ ಹಾಳು ಮಾಡೋಕೆ ನೀರಿಗೆ ಹಾಕಿಲ್ಲ ಕಣೋ. ಹಾಳು ಮಾಡೋದಾದ್ರೆ ಒಲೆ ಹತ್ತಿರ ಇತ್ತು. ಇವಳು ಕುರಿಗಾಹಿಗೆ ನೀರು ಬೆರೆಸಿದ್ದಾಳೆ. ಮೂರು ಪಾಲು. ಅಳತೆ ಸರಿಯಾಗಿದೆ ನೋಡು."

ಫಾನಿಯಾಸ್ ಆ ಮೂರು ಕಲ್ಲುಗಳನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಕಡೆ ತಿರುಗಿದ. ಅವಳು ಬಾಗಿಲಲ್ಲೇ ಇದ್ದಳು. ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ.

ನನಗೆ ಅಳು ಬಂತು, ಆದರೆ ಕೈತುಂಬ ಹಿಟ್ಟಿತ್ತು. ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

"ಕಾಳು ವಾಪಸ್ ಕೊಡಬೇಡ," ಎಂದೆ. "ಇನ್ನೊಂದು ಮುಖ ಮಾಡೋಣ."

"ಅಚ್ಚು ಎಲ್ಲಿದೆ? ದೆಕ್ಸಿಯಾಸ್ ಅದನ್ನ ಬೆಟ್ಟದಾಚೆಯ ಪ್ಲೋಥಿಯಾ ಊರಿನವರಿಗೆ ಕೊಟ್ಟು ಕಳಿಸಿದ್ದಾನೆ, ಅವರ ಹಬ್ಬಕ್ಕೆ. ಬೆಟ್ಟ ಸುತ್ತಿ ಹೋಗಿ ಬರೋಷ್ಟರಲ್ಲಿ ಒಂದು ದಿನ ಹೋಗುತ್ತೆ."

"ಅಚ್ಚು ಇಲ್ಲೇ ಇದೆಯಲ್ಲ," ಎಂದರು ಅತ್ತೆ. "ನಾನೇ ಹೆತ್ತಿದ್ದು. ಮಲ್ಕೋ."

ಹಿಟ್ಟಿನಲ್ಲಿ ಅರ್ಧವನ್ನು ರೊಟ್ಟಿಗೆ ಎತ್ತಿಟ್ಟು, ಉಳಿದರ್ಧಕ್ಕೆ ನೀರು ಹಾಕಿ ಒಲೆಯ ಮೇಲೆ ಅಂಟು ಕಾಯಿಸಿದೆ. ನನ್ನ ಮದುವೆಯ ಹಾಸಿಗೆಯ ಹೊದಿಕೆ ಅಂಚಿನಲ್ಲಿ ಹರಿದಿತ್ತು, ಅದನ್ನೇ ಪಟ್ಟಿ ಪಟ್ಟಿಯಾಗಿ ಸೀಳಿದೆ. ಫಾನಿಯಾಸ್ ಅಂಗಳದ ಬಿಸಿಲಿನಲ್ಲಿ ಮೇಕೆ ಚರ್ಮ ಹಾಸಿಕೊಂಡು ಮಲಗಿದ. ಮುಖಕ್ಕೆ, ಗಡ್ಡಕ್ಕೆ ಆಲಿವ್ ಎಣ್ಣೆ ಸವರಿದೆ. ಮುಖವಾಡಕ್ಕೆ ಬಾಯಿ ತೆರೆದಿರಬೇಕು, ಆದ್ದರಿಂದ ಅವನೂ ಬಾಯಿ ತೆರೆದುಕೊಂಡೇ ಇರಬೇಕು.

"ಮದುವೆಯಾದ ಮೇಲೆ ಇವತ್ತೇ ಇವನು ಬಾಯಿ ತೆರೆದೂ ಸುಮ್ಮನಿರೋದು," ಎಂದರು ಅತ್ತೆ.

ಅವನು ಏನೋ ಹೇಳಲು ಹೋದ.

"ಅಲುಗಾಡಬೇಡ. ಮೂಗು ಸೊಟ್ಟ ಬಂದ್ರೆ ಊರೆಲ್ಲ ನಿನ್ನ ಅಪ್ಪನ ಮೂಗು ಅಂತ ಗುರುತು ಹಿಡಿಯುತ್ತೆ."

ಒಂದೊಂದೇ ಪಟ್ಟಿ ಇಟ್ಟೆ. ಹಣೆ, ಕೆನ್ನೆ, ಮೂಗಿನ ದಂಡೆ. ಹನ್ನೊಂದು ವರ್ಷ ಜೊತೆಗಿದ್ದ ಮುಖವನ್ನು ಅಷ್ಟು ನಿಧಾನವಾಗಿ ಮುಟ್ಟಿ ನೋಡಿದ್ದು ಅದೇ ಮೊದಲು. ಎರಡನೇ ಪದರ ಮುಗಿಯುವ ಹೊತ್ತಿಗೆ ಅಂಟು ಮೂಗಿನ ಹೊಳ್ಳೆಯ ಕಡೆ ಇಳಿಯತೊಡಗಿತು. ನನ್ನೆರಡೂ ಕೈ ಗಲ್ಲದ ಹತ್ತಿರ ಸಿಕ್ಕಿಕೊಂಡಿದ್ದವು.

"ಅತ್ತೆ, ಅಲ್ಲೊಂಚೂರು ಒರೆಸಿ, ಉಸಿರು ಕಟ್ಟುತ್ತೆ."

ಅತ್ತೆಯ ಕೈ ಬರಲಿಲ್ಲ. ಪುಟ್ಟ ಕೈಯೊಂದು ಬಂತು. ಮೆಲಿತ್ತ ಅಪ್ಪನ ತಲೆಯ ಹತ್ತಿರ ಮಂಡಿಯೂರಿ, ತೋರುಬೆರಳಿನಿಂದ ಒಂದು ಹೊಳ್ಳೆಯ ಅಂಟು ತೆಗೆದಳು, ಆಮೇಲೆ ಇನ್ನೊಂದರದು. ಅಪ್ಪನ ಉಸಿರು ಬೆರಳಿಗೆ ತಾಗುತ್ತಿದೆಯೇ ಎಂದು ನೋಡಿಕೊಂಡಳು. ತಾಗುತ್ತಿತ್ತು. ಅಲ್ಲಿಂದ ಏಳು ಪದರ ಮುಗಿಯುವವರೆಗೂ ಅವಳು ಬೆರಳು ತೆಗೆಯಲಿಲ್ಲ. ಫಾನಿಯಾಸ್ ಕಣ್ಣು ಮುಚ್ಚಿದ್ದ. ಬೆರಳು ಯಾರದೆಂದು ಅವನಿಗೆ ಗೊತ್ತಿತ್ತು. ಅವನ ಎದೆ ಹೇಗೆ ಏರಿಳಿಯುತ್ತಿತ್ತು ಎಂಬುದನ್ನು ನೋಡಿದ ನನಗೆ ಅದು ಗೊತ್ತು. ಆದರೂ ಬಿಸಿಲಿಗೆ ಬಿಗಿದ ಮುಖವಾಡ ಬಿಡಿಸಿದ ಮೇಲೆ ಅವಳು ಎದ್ದು ಮೇಕೆಯ ಹತ್ತಿರ ಹೋದಳು. ಸಂಜೆ ಗೂಡಿಗೆ ಹನ್ನೊಂದನೇ ಅಂಜೂರ ಸೇರಿತು.

ಮರುದಿನ ದೆಕ್ಸಿಯಾಸ್ ಬಂದ. ಸುದ್ದಿ ಮುಟ್ಟಿತ್ತು. ಬೋರಲು ಹಾಕಿದ ಗಡಿಗೆಯ ಮೇಲೆ ಒಣಗುತ್ತಿದ್ದ ಮುಖದ ಸುತ್ತ ಒಂದು ಸುತ್ತು ಬಂದ.

"ಇದು ಯಾರು?"

"ಕುರಿಗಾಹಿ," ಎಂದೆ.

"ನಾನು ಮಾಡಿಸಿದ್ದು ಹುಬ್ಬು ಗಂಟಿಕ್ಕಿದ, ಹಲ್ಲು ಕಚ್ಚಿದ ಮುಖ. ದೂರದ ದಿಬ್ಬದಲ್ಲಿ ಕೂತ ಮುದುಕಿಗೂ ಇವನು ಕೊಲ್ಲೋನು ಅಂತ ಗೊತ್ತಾಗಬೇಕು. ಇವನನ್ನ ನೋಡಿದ್ರೆ ಬಾ ಊಟ ಮಾಡು ಅನ್ನಬೇಕು ಅನ್ಸುತ್ತೆ."

"ಕಥೇಲಿ ಇಕಾರಿಯೋಸನಿಗೂ ಹಾಗೇ ಅನ್ನಿಸ್ತಲ್ಲ," ಎಂದರು ಅತ್ತೆ, ನೂಲುವ ಕದಿರಿನಿಂದ ಕಣ್ಣೆತ್ತದೆ.

ದೆಕ್ಸಿಯಾಸ್ ಅವರನ್ನು ಒಮ್ಮೆ ನೋಡಿದ. ಮುಖವಾಡವನ್ನು ಎರಡೂ ಅಂಗೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಮುಂದಕ್ಕೆ ಬಗ್ಗಿಸಿದ. ಹುಬ್ಬಿನ ದಿಣ್ಣೆಯಿಂದ ನೆರಳು ಜಾರಿ ಕಣ್ಣು ಮುಚ್ಚಿತು, ತೆರೆದ ಬಾಯಿ ಕಪ್ಪಾಯಿತು. ನಾನು ಹಿಂದಕ್ಕೆ ಸರಿದೆ. ಅವನು ಅದನ್ನು ನಿಧಾನ ಮೇಲಕ್ಕೆತ್ತಿದ. ಹಣೆಯಿಂದ ಬೆಳಕು ಇಳಿದು ಕೆನ್ನೆಯ ಹಳ್ಳದಲ್ಲಿ ನಿಂತಿತು. ಅದೇ ಬಾಯಿ ಈಗ ಯಾರನ್ನೋ ಕರೆದು, ಅವರು ಓಗೊಡದೆ ಹಾಗೇ ಉಳಿದಂತಿತ್ತು. ಅವನು ಮತ್ತೆ ಬಗ್ಗಿಸಿದ, ಮತ್ತೆ ಎತ್ತಿದ.

"ನಲವತ್ತು ವರ್ಷದಿಂದ ಕಲ್ಲು ಕೆತ್ತುತ್ತಿದ್ದೀನಿ," ಎಂದ ಕೊನೆಗೆ. "ಬೆಳಕಿಗೆ ಒಂಚೂರು ಕೆಲಸ ಬಿಟ್ಟುಕೊಡಬೇಕು ಅಂತ ನನಗೆ ಗೊತ್ತಿರಬೇಕಿತ್ತು." ಮುಖವಾಡವನ್ನು ಮಗುವನ್ನು ಮಲಗಿಸುವಂತೆ ಗಡಿಗೆಯ ಮೇಲೆ ಇಟ್ಟ. "ಸುಣ್ಣ ಬಳೀರಿ, ಕೆಂಪು ಮಣ್ಣು ಬಳೀರಿ. ಗೆರೆ ಮಾತ್ರ ಒಂದೂ ಎಳೀಬೇಡಿ."

ಹಬ್ಬದ ಬೆಳಿಗ್ಗೆ ಪೆಂಟೆಲಿಕ ಬೆಟ್ಟದ ತಲೆಯಲ್ಲಿ ಹಿಮವಿತ್ತು, ಆಟದ ಬಯಲಲ್ಲಿ ಒಳ್ಳೆಯ ಬಿಸಿಲಿತ್ತು. ಮೇಕೆ, ರಸದ ಗಡಿಗೆ, ಅಂಜೂರದ ಬುಟ್ಟಿ ಎಲ್ಲ ಮೆರವಣಿಗೆಯಲ್ಲಿ ಬಂದವು. ಮುಂದಿನ ಕಲ್ಲಿನ ಆಸನಗಳಲ್ಲಿ ಪೂಜಾರಿಯೂ ಊರ ಹಿರಿಯರೂ ಕೂತರು. ನಾವು ಮೇಲೆ, ಹುಲ್ಲಿನ ದಿಬ್ಬದಲ್ಲಿ. ಮೆಲಿತ್ತ ನನ್ನ ತೊಡೆಯ ಮೇಲೆ, ನನ್ನ ಹೊದಿಕೆಯೊಳಗೆ.

ಇಕಾರಿಯೋಸನ ವೇಷ ಪ್ರತಿ ವರ್ಷ ಕುಂಬಾರ ಸ್ಮಿಕ್ರೋಸನದು. ದೊಡ್ಡ ಹೊಟ್ಟೆಯ, ಊರಿಗೆಲ್ಲ ಮಾವ ಅನ್ನಿಸಿಕೊಂಡ ಮನುಷ್ಯ. ಗಾಡಿ ತಳ್ಳಿಕೊಂಡು ಬಂದು, ಬಟ್ಟಲು ತುಂಬಿ, ಎರಡೂ ಕೈಯಲ್ಲಿ ಕುರಿಗಾಹಿಗೆ ಕೊಟ್ಟ. ಕೊಡುವುದರಲ್ಲಿ ಎಂಥ ಖುಷಿ ಇತ್ತೆಂದರೆ ಜನ ನಕ್ಕರು. ಕುರಿಗಾಹಿ ಬಟ್ಟಲನ್ನು ಬಾಯಿಗೆ ಎತ್ತಿದ.

ನನ್ನ ತೊಡೆಯ ಮೇಲೆ ಮೆಲಿತ್ತ ನೆಟ್ಟಗಾದಳು. ಉಸಿರನ್ನು ಒಳಗೆಳೆದುಕೊಂಡದ್ದು ನನ್ನ ಕೈಗೆ ತಿಳಿಯಿತು. ಬಾಯಿ ತೆರೆದಿತ್ತು. ಕೂಗುತ್ತಾಳೆ ಅಂದುಕೊಂಡೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅತ್ತೆ, ಅಕ್ಕಸಾಲಿಗನ ಹೆಂಡತಿ, ಮುಂದಿನ ಸಾಲಿನ ಹಿರಿಯರು, ಇಡೀ ಊರು ಸುಮ್ಮನೆ ಕೂತಿತ್ತು. ಅವಳು ಉಸಿರನ್ನು ಹಾಗೇ ನುಂಗಿದಳು.

ಕೋಲು ಎದ್ದಿತು. ಆ ಹೊತ್ತಿಗೆ ಫಾನಿಯಾಸ್ ತಲೆ ಬಗ್ಗಿಸಿದ್ದ. ನಾನೇ ಅಂಟು ಹಾಕಿದ ಬಟ್ಟೆ, ನನ್ನದೇ ಹಾಸಿಗೆಯ ಹೊದಿಕೆ. ಆದರೂ ಆ ಮುಖದಲ್ಲಿ ನಾನು ಬಲ್ಲ ಯಾವುದೂ ಇರಲಿಲ್ಲ. ಮೂರು ಏಟು ಬಿದ್ದವು. ನುಡಿಯುತ್ತಿದ್ದ ಕೊಳಲು ನಿಂತಿತು.

ಆಮೇಲೆ ಆಟದೊಳಗೆ ಬೆಳಗಾಯಿತು. ಪ್ರತಿ ವರ್ಷ ಇಲ್ಲಿ ಕುರಿಗಾಹಿ ಎದೆ ಬಡಿದುಕೊಂಡು ನೆಲಕ್ಕೆ ಬೀಳುತ್ತಾನೆ, ಹಾಡುವವರು ಅಳುತ್ತಾರೆ. ಫಾನಿಯಾಸ್ ಬೀಳಲಿಲ್ಲ. ಅಮಲಿನಲ್ಲಿ ಮಲಗಿದ್ದವನು ಎದ್ದು ಕೂತ. ತನ್ನ ಕೈ ಮುಟ್ಟಿ ನೋಡಿಕೊಂಡ, ಹೊಟ್ಟೆ ಮುಟ್ಟಿಕೊಂಡ. ಬದುಕಿದ್ದಾನೆ. ಪಕ್ಕದಲ್ಲಿದ್ದ ಸ್ಮಿಕ್ರೋಸನ ಹತ್ತಿರ ಸರಿದು, ಒಂದು ಬೆರಳನ್ನು ಅವನ ಮೂಗಿನ ಕೆಳಗೆ ಹಿಡಿದ. ಅದನ್ನು ದೆಕ್ಸಿಯಾಸ್ ಕಲಿಸಿರಲಿಲ್ಲ. ಉಸಿರಿಗಾಗಿ ಕಾದ. ಎಷ್ಟು ಹೊತ್ತು ಕಾದನೆಂದರೆ ದಿಬ್ಬದ ಮೇಲೆ ಕೂತ ನಾವೆಲ್ಲರೂ ಅವನೊಡನೆ ಕಾದೆವು. ಆಮೇಲೆ ಮುಖವನ್ನು ಮೆಲ್ಲಗೆ ಸೂರ್ಯನ ಕಡೆ ಎತ್ತಿದ, ಬೆಳಕು ಕೆನ್ನೆಗೆ ಇಳಿಯಿತು.

ನನ್ನ ಪಕ್ಕದಲ್ಲಿ ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. ಅವರ ಮಗ ಒಂದು ಮಾತೂ ಆಡಿರಲಿಲ್ಲ. ಯಾವ ಕಾಲದ್ದೋ ತಪ್ಪು, ಯಾರದೋ ಮುತ್ತಾತ ಮಾಡಿದ್ದು. ಅದನ್ನು ಮುಚ್ಚಿಡದೆ ಹಗಲಿನಲ್ಲಿ, ಹೆಂಡಿರು ಮಕ್ಕಳ ಮುಂದೆ ನಿಲ್ಲಿಸಿ, ಎಲ್ಲರೂ ಸೇರಿ ನೋಡಿ, ಆಮೇಲೆಯೇ ಹೊಸ ರಸದ ಗಡಿಗೆ ತೆರೆಯಬೇಕೆಂದು ನಮ್ಮ ಹಿರಿಯರಿಗೆ ಹೊಳೆದದ್ದು ಹೇಗೆ? ದೇವರೇ ಹೇಳಿಕೊಟ್ಟಿರಬೇಕು. ಬಳ್ಳಿಗಿಂತ ಇದು ದೊಡ್ಡ ಉಡುಗೊರೆ ಎಂದು ನನಗೆ ಅಂದು ಅನ್ನಿಸಿತು.

ಆಟ ಮುಗಿಯಿತು. ಸತ್ತ ಸ್ಮಿಕ್ರೋಸ್ ಎದ್ದು, ಬೆನ್ನು ನೀವಿಕೊಂಡು, ಯಾರೋ ಕೊಟ್ಟ ಬಿಸಿ ಕಡುಬು ತಿನ್ನುತ್ತ ನಮ್ಮ ಹತ್ತಿರ ಬಂದ.

"ನಿನ್ನಪ್ಪ ಈ ಸಲ ಮೆತ್ತಗೆ ಹೊಡೆದ ಕಣೇ ಜೇನುಹುಳ," ಎಂದ ಮೆಲಿತ್ತಳಿಗೆ; ಅವಳ ಹೆಸರಿನ ಅರ್ಥ ಅದೇ. "ಹೋದ ವರ್ಷದವನು ನನ್ನನ್ನ ಒಂದು ವಾರ ಮಲಗಿಸಿದ್ದ."

ಅವಳು ಅವನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ದಿಬ್ಬ ಇಳಿದು ನಡೆದಳು. ನಾನು ಹಿಂದೆ ಹೋದೆ.

ಆಡಿದ ಮುಖವಾಡವನ್ನು ಮನೆಗೆ ಒಯ್ಯುವಂತಿಲ್ಲ, ದೇವರ ಗುಡಿಯ ಗೋಡೆಗೆ ತೂಗುಹಾಕಬೇಕು. ಫಾನಿಯಾಸ್ ಗುಡಿಯ ಮುಂದೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ನಿಂತಿದ್ದ. ಕೂದಲು ಬೆವರಿಗೆ ಹಣೆಗಂಟಿತ್ತು. ಮಗಳು ಬರುವುದನ್ನು ನೋಡಿದ. ಕೈ ಚಾಚಲಿಲ್ಲ. ಚಾಚಿದರೆ ಅವಳು ನಿಂತುಬಿಡುತ್ತಾಳೋ ಎಂಬ ಹೆದರಿಕೆ ಅವನಿಗೆ.

ಮೆಲಿತ್ತ ಹತ್ತಿರ ಹೋಗಿ ಅವನ ಸೊಂಟದ ಪಟ್ಟಿಯೊಳಗೆ ಕೈ ಹಾಕಿದಳು. ಬಲಗಡೆ ಹುಡುಕಿದಳು, ಎಡಗಡೆ ಹುಡುಕಿದಳು. ಹಬ್ಬದ ದಿನವೂ ಅವನು ಮರೆತಿರಲಿಲ್ಲ. ಅಂಜೂರ ಸಿಕ್ಕಿತು. ಅರ್ಧ ಕಚ್ಚಿದಳು, ಉಳಿದರ್ಧವನ್ನು ಅವನ ಬಾಯಿಗೆ ಹಿಡಿದಳು. ಅವನು ತಿಂದ. ಅಗಿಯಲು ಅವನಿಗೆ ಬಹಳ ಹೊತ್ತು ಬೇಕಾಯಿತು.

"ಮೊಳೆ ಎತ್ತರದಲ್ಲಿದೆ," ಎಂದ ಆಮೇಲೆ. "ನನಗೆ ಎಟಕಲ್ಲ."

ಎಟಕುತ್ತಿತ್ತು. ಆದರೂ ಬಗ್ಗಿ ಅವಳನ್ನು ಹೆಗಲಿಗೆ ಏರಿಸಿಕೊಂಡ. ನಾನು ಮುಖವಾಡವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಗೋಡೆಯ ಕಡೆ ತಿರುಗಿಸಲಿಲ್ಲ. ಬಯಲಿನ ಕಡೆ ಮುಖ ಮಾಡಿ ಮೊಳೆಗೆ ಸಿಕ್ಕಿಸಿ, ಸೊಟ್ಟಗಿದ್ದುದನ್ನು ಸರಿ ಮಾಡಿ, ಎರಡೂ ಕೈಯನ್ನು ಅಪ್ಪನ ತಲೆಯ ಮೇಲೆ ಊರಿದಳು. ಕೆಳಗೆ ಬಯಲಲ್ಲಿ ಅತ್ತೆ ಬೆಣಚು ಕಲ್ಲು ಇಟ್ಟು ಲೆಕ್ಕ ಹಾಕುತ್ತ ಹೊಸ ರಸಕ್ಕೆ ನೀರು ಬೆರೆಸುತ್ತಿದ್ದರು. ಮೆಲಿತ್ತ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ಅಪ್ಪನ ಕಿವಿಯ ಹತ್ತಿರ, ಆದರೆ ನನಗೂ ಗುಡಿಯೊಳಗಿನ ದೇವರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ಅದು ವಿಷ ಅಲ್ಲ, ನೀರು ಬೆರೆಸಿದ್ರೆ ಆಯ್ತು ಅಂತ ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತಲ್ಲ. ಹಾಗಾದ್ರೆ ನಿನಗೆ ಯಾರೂ ಯಾಕೆ ಹೇಳಲಿಲ್ಲ?"